ಮೇಲಿನ ಕಾಜಾ ಖಾಲಿ

ಹಲ್ಲುಜ್ಜುವಾಗಲೂ ಅವಳ ಕಣ್ಣೆದುರು ಆ ಚಕ್ರ ಸುತ್ತುತ್ತಿತ್ತು. ಕಂಪ್ಯೂಟರಿನ ಪರದೆಯ ನಟ್ಟನಡುವೆ ಬರುವ ನೀಲಿ ಚುಕ್ಕಿಗಳ ಸಣ್ಣ ಚಕ್ರ. ಒಂದು ಚುಕ್ಕಿ ಮುಂದಿನದನ್ನು ಅಟ್ಟಿಸಿಕೊಂಡು ಹೋಗುತ್ತದೆ, ಹಿಡಿಯುವುದಿಲ್ಲ, ಸುಸ್ತೂ ಆಗುವುದಿಲ್ಲ. ಅದು ಸುತ್ತುವಷ್ಟು ಹೊತ್ತೂ ಗಾಜಿನ ಆಚೆ ರೋಗಿಗಳು ಕೈಚಾಚಿ ಕಾಯುತ್ತಾರೆ, ನರ್ಸುಗಳು ಗಡಿಯಾರ ನೋಡುತ್ತಾರೆ, ಅವಳು ಮೌಸನ್ನು ಅತ್ತಿತ್ತ ಆಡಿಸುತ್ತ ಏನೋ ಕೆಲಸ ನಡೆಯುತ್ತಿದೆ ಎಂದು ನಟಿಸುತ್ತಾಳೆ. ನಿನ್ನೆ ದೊಡ್ಡ ಸಿಸ್ಟರ್ ನಟಿಸಲೂ ಬಿಡಲಿಲ್ಲ. ಬಾಗಿಲಲ್ಲೇ ನಿಂತು, "ನೋಡಮ್ಮಾ, ನಾಳೆ ಎರಡನೇ ಪಾಳಿಯವರು ಮೆಷಿನ್ನಿಗೆ ಕೂರೋ ಮೊದ್ಲು ನಿನ್ನ ಪಟ್ಟಿ ನನ್ನ ಕೈಲಿರಬೇಕು. ಇಲ್ದಿದ್ರೆ ನಾಡಿದ್ದಿಂದ ಪಟ್ಟಿನೂ ಬೇಡ, ಏನೂ ಬೇಡ. ನೀನು ಕೆಳಗೆ ಕೌಂಟರಿಗೆ ಹೋಗು, ಅಲ್ಲಿ ಜನ ಸಾಲ್ತಿಲ್ವಂತೆ" ಎಂದಿದ್ದರು. ಬೈದಿದ್ದರೆ ಪರವಾಗಿರಲಿಲ್ಲ. ದಣಿದ ದನಿಯಲ್ಲಿ, ಕೆಟ್ಟ ಬಲ್ಬು ಬದಲಾಯಿಸಲು ಹೇಳುವವರ ಹಾಗೆ ಹೇಳಿದ್ದರು. ಕೆಳಗಿನ ಕೌಂಟರ್ ಅವಳಿಗೆ ಹೊಸದಲ್ಲ. ಗಾಜಿನಲ್ಲಿ ಅಂಗೈಯಷ್ಟು ಕಿಂಡಿ. ಅದರೊಳಗೆ ಬಾಯಿಟ್ಟು ಜನ ಹೆಸರು ಕೂಗುತ್ತಾರೆ, ಉಗುಳು ಸಿಡಿಯುತ್ತದೆ, ಅವಳ ಮುಖವನ್ನು ಯಾರೂ ನೋಡುವುದಿಲ್ಲ. ಅಲ್ಲಿಂದ ಮೇಲೆ ಬಂದದ್ದು ಆ ಪಟ್ಟಿಯಿಂದ. ಬದುಕಿನಲ್ಲಿ ಅವಳು ತಾನೇ ಯೋಚಿಸಿ, ತಾನೇ ಮಾಡಿದ ಒಂದೇ ಒಂದು ವಸ್ತು ಅದು.

ಮೂತ್ರಪಿಂಡ ಸೋತವರ ರಕ್ತವನ್ನು ಯಂತ್ರದಲ್ಲಿ ಶುದ್ಧ ಮಾಡುವ ವಾರ್ಡು ಅದು. ಹೋದ ಸಲ ಚಿಕಿತ್ಸೆ ಮುಗಿಸಿ ಹೊರಡುವಾಗ ಎಷ್ಟು ತೂಗುತ್ತಿದ್ದರು, ಇವತ್ತು ಬರುವಾಗ ಎಷ್ಟು ತೂಗುತ್ತಾರೆ. ನಡುವಿನ ವ್ಯತ್ಯಾಸವೇ ಮೈಯಲ್ಲಿ ನಿಂತ ನೀರು. ಅಷ್ಟನ್ನು ಯಂತ್ರ ತೆಗೆಯಬೇಕು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಹಿಂದಿನ ಸಲದ ಸಾಲನ್ನು ಹುಡುಕಿ ಇವತ್ತಿನ ಸಾಲಿನ ಪಕ್ಕಕ್ಕೆ ತಂದು ನಿಲ್ಲಿಸುವ ಕ್ವೆರಿಯನ್ನು, ಕಂಪ್ಯೂಟರಿಗೆ ಕೊಡುವ ಆ ಹುಡುಕಾಟದ ಆಜ್ಞೆಯನ್ನು, ಅವಳು ಬರೆದಾಗ ಡಾಕ್ಟರರೇ ಬಂದು ಭೇಷ್ ಎಂದಿದ್ದರು. ಆಗ ತೂಕಗಳನ್ನು ಬರೆದಿಡುವ ಟೇಬಲ್ ಚಿಕ್ಕದಿತ್ತು. ವರ್ಷಗಳು ಕಳೆದು ಸಾಲುಗಳು ಬೆಳೆದವು, ಕ್ವೆರಿ ನಿಧಾನವಾಯಿತು, ಅವಳ ಹೆಮ್ಮೆಯೂ ಅದರ ಜೊತೆಗೇ ಕುಂಟತೊಡಗಿತು. ಈಗೀಗ ಪಟ್ಟಿ ಕೈಗೆ ಬರುವಷ್ಟರಲ್ಲಿ ಅರ್ಧ ಚಿಕಿತ್ಸೆ ಮುಗಿದಿರುತ್ತದೆ. ನರ್ಸುಗಳು ರೋಗಿಗಳನ್ನೇ ಕೇಳಿ ಅಂದಾಜಿನಲ್ಲಿ ನಡೆಸುತ್ತಾರೆ. ಮುದ್ದಿನ ಮಗು ದೊಡ್ಡದಾಗಿ ದಂಡಪಿಂಡವಾದರೆ ತಾಯಿಗೆ ಆಗುವ ಸಂಕಟ.

"ಬ್ರೆಡ್ಡು ಕರಕಲಾಯ್ತು," ಎಂದ ಗಂಡ, ಮೇಜಿನಿಂದಲೇ. ಅವನು ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಸೋಪು ಹಾಕಿ ತಿಕ್ಕಿದರೂ ಅವನ ಬೆರಳುಗಳ ಗೆರೆಗಳಲ್ಲಿ ಕಪ್ಪು ಉಳಿದೇ ಇರುತ್ತಿತ್ತು. "ನಿನ್ನೆನೂ ಹಿಂಗೇ ಆಯ್ತಲ್ವಾ?"

ನಿನ್ನೆಯೂ ಆಗಿತ್ತೇ? ಅವಳು ನಿಂತಲ್ಲೇ ಹುಡುಕಿದಳು. ಹುಡುಕುವುದೆಂದರೆ ಅವಳಿಗೆ ನಿನ್ನೆಗೆ ಹೋಗುವುದಲ್ಲ. ಮದುವೆಯಾದ ಹೊಸದರಲ್ಲಿ ಅತ್ತೆಯ ಒಲೆಯ ಮೇಲೆ ಮೊದಲ ಸಲ ಹಾಲು ಉಕ್ಕಿಸಿದ್ದು, ನಾದಿನಿ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಿದ್ದು, ಇವನು ಏನೂ ಆಗದವನ ಹಾಗೆ ಪೇಪರು ಓದುತ್ತ ಕೂತಿದ್ದು, ಅಲ್ಲಿಂದ ಒಂದೊಂದೇ ದಿನ ದಾಟಿಕೊಂಡು ಬರಬೇಕು. "ನಿಮ್ಮಮ್ಮ ಇದ್ದಾಗಲೂ ನೀವು ನನ್ನ ಪರ ಒಂದು ಮಾತಾಡಿದ್ದಿಲ್ಲ," ಎಂದಳು.

ಗಂಡ ಬ್ರೆಡ್ಡನ್ನು ಕೆಳಗಿಟ್ಟ. "ಅಲ್ವೇ, ನಾನು ಕೇಳಿದ್ದು ನಿನ್ನೆ ವಿಷಯ. ನೀನು ಒಂದು ಮಾತಿಗೆ ಉತ್ತರ ಹೇಳಬೇಕಾದ್ರೂ ಮದುವೆ ಚಪ್ಪರದಿಂದ ಹೊರಡ್ತೀಯಲ್ಲ! ಅಲ್ಲಿಂದ ಇಲ್ಲಿಗೆ ಬರೋಷ್ಟರಲ್ಲಿ ನನ್ನ ಕೆಲಸದ ಹೊತ್ತಾಗುತ್ತೆ." ಅವನು ನಗುತ್ತಲೇ ಹೇಳಿದ್ದ. ಅವಳು ನಗಲಿಲ್ಲ. ಮಾತು ಗಂಟಲಲ್ಲಿ ಸಿಕ್ಕಿಕೊಂಡ ಮೀನಿನ ಮುಳ್ಳಿನಂತೆ ಒಳಗೂ ಹೋಗದೆ ಹೊರಗೂ ಬಾರದೆ ನಿಂತಿತು. ಅವಳ ಕ್ವೆರಿ ಮಾಡುತ್ತಿದ್ದುದೂ ಅದನ್ನೇ ಅಲ್ಲವೇ? ಪ್ರತಿ ಸಾಲಿಗೂ ಅದು ಟೇಬಲಿನ ಬುಡಕ್ಕೆ ಓಡುತ್ತದೆ. ಇವನು ಅದೇ ಮನುಷ್ಯನೇ? ಅಲ್ಲ. ಇವನು? ಅಲ್ಲ. ಇವನು ಹೌದು, ಆದರೆ ಇದಕ್ಕಿಂತ ಈಚಿನ ದಿನ ಇದೆಯೇ? ಹೀಗೆ ಎಲ್ಲರ ಬಾಗಿಲನ್ನೂ ತಟ್ಟಿ, ಮೇಲಿಂದ ಕೆಳಗೆ ಇಡೀ ಊರು ಸುತ್ತಿ, ಕೊನೆಗೆ ಪಕ್ಕದ ಮನೆಯಲ್ಲೇ ಇದ್ದವನನ್ನು ಕರೆತರುತ್ತದೆ. ಮುಂದಿನ ಸಾಲಿಗೆ ಮತ್ತೆ ಮೊದಲಿಂದ. ಅದಕ್ಕೆ ಅಷ್ಟೇ ಗೊತ್ತು. ಕಲಿಸಿದವಳು ತಾನೇ.

ಹಾಗಂತ ಗೊತ್ತಾದರೆ ಸಾಕೇ. ಹೋದ ವಾರ ಮೇಷ್ಟ್ರು ಕೂಗಿಕೊಂಡಾಗಲೂ ಅವಳಿಗೆ ಕಾರಣ ಗೊತ್ತಿತ್ತು. ಕಿಟಕಿ ಪಕ್ಕದ ಹಾಸಿಗೆಯ ಆ ಮುದುಕ ಒಂದು ಕಾಲದಲ್ಲಿ ಲೆಕ್ಕದ ಮೇಷ್ಟ್ರು, ಸೂಜಿ ಚುಚ್ಚುವಾಗ ಮುಖ ಕೂಡ ಗಂಟಿಕ್ಕದವರು. ಪಟ್ಟಿ ಬಂದಿರಲಿಲ್ಲ. ನರ್ಸು, "ಹೋದ ಸಲ ಹೋಗುವಾಗ ಎಷ್ಟಿತ್ತು ಮೇಷ್ಟ್ರೇ?" ಎಂದು ಕೇಳಿದ್ದಳು. ಅವರು ಇದ್ದದ್ದಕ್ಕಿಂತ ಕಡಿಮೆ ಹೇಳಿದರು. ಮರೆತೋ, ಒಳ್ಳೆಯ ಹುಡುಗ ಎನಿಸಿಕೊಳ್ಳುವ ಆಸೆಗೋ. ಯಂತ್ರ ಅವರ ಮೈಯಲ್ಲಿ ಇಲ್ಲದ ನೀರನ್ನು ಎಳೆಯತೊಡಗಿತು. ಕಾಲಿನ ಮೀನಖಂಡ ಕಲ್ಲಾಗಿ, ಅವರು "ಅಮ್ಮಾ" ಎಂದು ಕೂಗಿದ್ದು ಗಾಜು ದಾಟಿ ಅವಳ ಮೇಜಿನ ತನಕ ಬಂತು. ಎಪ್ಪತ್ತು ದಾಟಿದವರು ಅಮ್ಮನನ್ನು ಕರೆದ ದನಿ. ನರ್ಸುಗಳು ಓಡಿದರು, ಉಪ್ಪುನೀರು ಏರಿಸಿದರು, ಕಾಲು ನೀವಿದರು, ಸರಿಹೋಯಿತು. ಅವಳು ಏಳಲಿಲ್ಲ. ಚಕ್ರವನ್ನೇ ನೋಡುತ್ತ ಕೂತಿದ್ದಳು, ಎದ್ದರೆ ಅದು ನಿಂತುಬಿಡುತ್ತದೆ ಎನ್ನುವ ಹಾಗೆ. ಆಮೇಲೆ ಮೇಷ್ಟ್ರು ಹೋಗುವಾಗ ಗಾಜಿನಾಚೆಯಿಂದ ಎಂದಿನಂತೆ ಕೈಯೆತ್ತಿದರು. ಅವಳು ಡ್ರಾಯರಿನಲ್ಲಿ ಏನೋ ಹುಡುಕುವವಳಂತೆ ಬಗ್ಗಿದ್ದಳು.

"ತಿಂಡಿ ಆಯ್ತಾ?" ಎನ್ನುತ್ತ ಅವಳ ಅಪ್ಪ ಒಳಕೋಣೆಯಿಂದ ಮೇಜಿಗೆ ಬಂದ. ಅವಳು ತಲೆಯೆತ್ತದೆಯೇ ತಟ್ಟೆ ಇಟ್ಟಳು. ಅಪ್ಪ ದರ್ಜಿ. ಅಂಗಡಿ ಮುಚ್ಚಿ ಎಷ್ಟೋ ಕಾಲವಾದರೂ ಅವನನ್ನು ಬೇರೆ ಏನೆಂದು ಕರೆಯಲೂ ಬಾರದು. ಈಗಲೂ ಮನೆಗೆ ಬಂದವರ ಮುಖಕ್ಕಿಂತ ಮೊದಲು ಅವರ ಕಾಲರು ನೋಡುತ್ತಾನೆ. ಆದರೆ ಇತ್ತೀಚೆಗೆ ತನ್ನ ಅಂಗಿಯ ಗುಂಡಿಗಳನ್ನೇ ತಪ್ಪಿ ಹಾಕಿಕೊಳ್ಳುತ್ತಿದ್ದ. ಪ್ರತಿ ಬೆಳಿಗ್ಗೆ ಒಂದು ಕಾಜಾ ಏರುಪೇರು. ಜೀವಮಾನವಿಡೀ ಕಾಜಾ ಹೊಲಿದ ಬೆರಳುಗಳು ಗುಂಡಿಗೆ ದಾರಿ ತೋರಿಸಲಾರದೆ ತಡಕಾಡುವುದನ್ನು ಅವಳಿಗೆ ನೋಡಲಾಗುತ್ತಿರಲಿಲ್ಲ. ನೋಡಲಾಗದ್ದಕ್ಕೇ ಸಿಟ್ಟು ಬರುತ್ತಿತ್ತು. ನಿನ್ನೆ ಬಸ್ಸಿನ ಆತುರದಲ್ಲಿ, "ಮೊದಲ್ನೇದು ನೋಡ್ಕೊಂಡು ಹಾಕಪ್ಪಾ ಅಂತ ಎಷ್ಟು ಸಲ ಹೇಳ್ಲಿ? ಮೊದಲ್ನೇದು ಸರಿ ಇದ್ರೆ ಎಲ್ಲಾ ಸರಿ ಇರುತ್ತೆ!" ಎಂದು ಗದರಿ, ಅವನ ಕೈಯನ್ನು ಪಟ್ಟನೆ ಸರಿಸಿ, ತಾನೇ ಬಿಚ್ಚಿ ಹಾಕಿದ್ದಳು. ಸರಿಸಿದ್ದೇ, ಹೊಡೆದದ್ದೇ? ಅಪ್ಪ ಕೈಯನ್ನು ಹಿಂದಕ್ಕೆ ಎಳೆದುಕೊಂಡು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ, ಅಳತೆಗೆ ನಿಂತ ಹುಡುಗನ ಹಾಗೆ. ಬಸ್ಸಿನಲ್ಲಿ ಕೂತ ಮೇಲೆ ನೆನಪಾಗಿತ್ತು, ಆ ಮಾತು ಚಿಕ್ಕವಳಿದ್ದಾಗ ಅವನೇ ಅವಳಿಗೆ ಹೇಳಿಕೊಟ್ಟದ್ದು.

ಇವತ್ತೂ ಅದೇ. ಎಡಗಡೆಯ ಕಾಲರು ಕಿವಿಗೆ ತಾಗುವಷ್ಟು ಮೇಲೆ, ಬಲಗಡೆಯ ಅಂಚು ತೊಡೆಯ ತನಕ ಜೋಲು. ಅವಳ ಬಾಯಿ ಗದರಲು ತೆರೆದಿತ್ತು. ಕೈ ಆಗಲೇ ಅವನ ಕೊರಳ ಹತ್ತಿರ ಹೋಗಿತ್ತು. ಮೇಲಿನ ಕಾಜಾ ಖಾಲಿ. ಎರಡನೇ ಕಾಜಾದಲ್ಲಿ ಮೊದಲನೇ ಗುಂಡಿ. ಮೂರನೆಯದರಲ್ಲಿ ಎರಡನೆಯದು. ನಾಲ್ಕನೆಯದರಲ್ಲಿ ಮೂರನೆಯದು. ಅವಳ ಬೆರಳು ಒಂದೊಂದನ್ನೇ ಮುಟ್ಟಿ ಕೆಳಗಿಳಿಯಿತು. ಪ್ರತಿ ಕಾಜಾದಲ್ಲೂ ಅದಕ್ಕಿಂತ ಹಿಂದಿನ ಗುಂಡಿ. ತಪ್ಪದೆ. ಯಾವ ಗುಂಡಿಯೂ ತನ್ನ ಕಾಜಾವನ್ನು ಹುಡುಕಿಕೊಂಡು ಅಂಗಿಯ ತುಂಬ ಅಲೆದಿರಲಿಲ್ಲ. ಇಡೀ ಸಾಲೇ ಒಂದು ಹೆಜ್ಜೆ ಕೆಳಗೆ ಜಾರಿತ್ತು, ಅಷ್ಟೇ. ಜಾರಿದ ಕೂಡಲೇ ಎಲ್ಲವೂ ಒಟ್ಟಿಗೇ ಸಿಕ್ಕಿತ್ತು. ಕೆಳಗೆ ಒಂದು ಗುಂಡಿ ಮಿಕ್ಕಿ ಸುಮ್ಮನೆ ನೇತಾಡುತ್ತಿತ್ತು, ಅದಕ್ಕೆ ಇವತ್ತು ಕೆಲಸವಿಲ್ಲ, ನಾಳೆಗೆ ಬೇಕಾದದ್ದು. ಬರುವಾಗಿನ ತೂಕ ಒಂದು ಪಟ್ಟಿ, ಹೋಗುವಾಗಿನ ತೂಕ ಇನ್ನೊಂದು ಪಟ್ಟಿ. ಎರಡನೆಯದನ್ನು ಹಿಡಿದು ಒಂದು ಮನೆ ಕೆಳಕ್ಕೆ ಎಳೆದರೆ...

"ಏನಮ್ಮಾ, ಮತ್ತೆ ತಪ್ಪಾಯ್ತಾ?" ಅಪ್ಪನ ಕೈ ಆಗಲೇ ಬೆನ್ನ ಹಿಂದೆ ಹೋಗುತ್ತಿತ್ತು.

"ಇಲ್ಲಪ್ಪಾ! ಹಾಗೇ ಇರು. ಮುಟ್ಟಬೇಡ, ಬಿಚ್ಚಬೇಡ, ಹಾಗೇ ಇರು!" ಎಂದವಳೇ ಅವಳು ಚೀಲ ಹೆಗಲಿಗೇರಿಸಿ, ಒಂದು ಚಪ್ಪಲಿ ಮೆಟ್ಟಿಕೊಂಡು ಇನ್ನೊಂದನ್ನು ಬಾಗಿಲಾಚೆ ಮೆಟ್ಟಿದಳು. "ತಿಂಡಿ?" ಎಂದು ಗಂಡ ಕೂಗಿದ್ದು ಮೆಟ್ಟಿಲ ಮೇಲೆ ಕೇಳಿಸಿತು. "ಆ ಕರಕಲು ನೀವೇ ತಿನ್ನಿ!" ಎಂದು ಅವಳೂ ಕೂಗಿದಳು, ಎದುರುಮನೆಯವರು ಕಿಟಕಿ ತೆರೆಯುವಷ್ಟು ಗಟ್ಟಿಯಾಗಿ.

ಬಸ್ಸಿನಲ್ಲಿ ನಿಂತ ಗಂಡಸರ ಅಂಗಿಗಳನ್ನೆಲ್ಲ ಅವಳು ನಾಚಿಕೆಯಿಲ್ಲದೆ ನೋಡಿದಳು. ಎಲ್ಲರದೂ ಸರಿಯಾಗಿಯೇ ಇತ್ತು, ಎಂಥ ದಡ್ಡರು. ಒಬ್ಬ ತನ್ನ ಎದೆ ತಡವಿಕೊಂಡು ಏನಾದರೂ ಚೆಲ್ಲಿದೆಯೇ ಎಂದು ನೋಡಿಕೊಂಡ. ಅವಳಿಗೆ ನಗು ತಡೆಯಲಾಗಲಿಲ್ಲ. ಎಷ್ಟು ದಿನವಾಗಿತ್ತು ಹೀಗೆ ಹೊಟ್ಟೆಯಿಂದ ಎದ್ದ ನಗು ಗಂಟಲು ತುಂಬಿ.

ಅವಳು ಹೋದಾಗ ಮೊದಲ ಪಾಳಿಯವರು ಯಂತ್ರದ ಪಕ್ಕ ಮಲಗಿಯಾಗಿತ್ತು. ಅದೇ ಕ್ಲೋರಿನ್ನಿನ ವಾಸನೆ, ಅದೇ ಗುನುಗುವ ಪಂಪುಗಳು. ಹಳೆಯ ಕ್ವೆರಿಯನ್ನು ತೆರೆದಳು. ಹುಡುಕುವ ಆ ಸಾಲನ್ನು, ಒಂದು ಕಾಲದಲ್ಲಿ ಡಾಕ್ಟರರಿಗೆ ಬೆರಳಿಟ್ಟು ತೋರಿಸಿದ್ದ ಸಾಲನ್ನು, ಅಳಿಸುವಾಗ ಕೈ ಒಂದು ಗಳಿಗೆ ತಡೆಯಿತು. ಅಳಿಸಿದಳು. ಟೇಬಲನ್ನು ರೋಗಿಯ ಪ್ರಕಾರ, ಆಮೇಲೆ ದಿನದ ಪ್ರಕಾರ ಜೋಡಿಸಿ, ಮತ್ತೆ ಮತ್ತೆ ಫೈಲಿಗೆ ಓಡಬೇಡ, ಇಷ್ಟನ್ನೂ ನೆನಪಿನಲ್ಲಿ ಹಿಡಿದಿಟ್ಟುಕೋ ಎಂದು ಕಂಪ್ಯೂಟರಿಗೆ ಹೇಳಿದಳು. ಹೋಗುವಾಗಿನ ತೂಕದ ಕಾಲಮ್ಮನ್ನು ಉದ್ದಕ್ಕೆ ಕಿತ್ತು ತೆಗೆದಳು. ತಲೆಯ ಮೇಲೆ ಒಂದು ಖಾಲಿ ಇಟ್ಟಳು. ಕೊನೆಯದನ್ನು ಬಿಟ್ಟಳು. ಪಕ್ಕಕ್ಕೆ ತಂದು ಅಂಟಿಸಿದಳು. ಒತ್ತಿದಳು. ಒತ್ತಿ, ಅಭ್ಯಾಸದಂತೆ ಟೀ ಲೋಟಕ್ಕೆ ಕೈಚಾಚಿದಳು. ಈ ಹೊತ್ತಿನಲ್ಲಿ ಟೀ ಕುಡಿದು, ಲೋಟ ತೊಳೆದು, ಬಚ್ಚಲಿಗೂ ಹೋಗಿ ಬರುತ್ತಿದ್ದಳು. ಲೋಟ ತುಟಿಗೆ ತಾಗುವ ಮೊದಲೇ ಪರದೆ ತುಂಬಿತ್ತು. ಚಕ್ರ ಬರಲೇ ಇಲ್ಲ. ಏನೋ ಕೆಟ್ಟಿತೆಂದು ಮತ್ತೆ ಒತ್ತಿದಳು. ಮತ್ತೆ ತುಂಬಿತು. ಮೇಷ್ಟ್ರ ಸಾಲು ಹುಡುಕಿ ಬೆರಳಿಟ್ಟು ಲೆಕ್ಕ ಹಾಕಿದಳು: ಸರಿ. ಟ್ಯಾಕ್ಸಿ ಓಡಿಸುವ ಆ ದೊಡ್ಡ ಹೊಟ್ಟೆಯವನದು: ಸರಿ. ಎದೆಯೊಳಗೆ ಯಾರೋ ಕಿಟಕಿಗಳನ್ನು ಒಂದಾದ ಮೇಲೊಂದು ತೆರೆದ ಹಾಗಾಯಿತು. ಎರಡನೇ ಪಾಳಿಯವರು ತೂಕದ ಯಂತ್ರದಿಂದ ಇಳಿಯುತ್ತಿದ್ದಂತೆ ಪಟ್ಟಿ ಮುದ್ರಿಸಿ, ಬಿಸಿ ಹಾಳೆಯನ್ನು ಹಿಡಿದು, ಅವಳೇ ನಡೆದು ಹೋಗಿ ದೊಡ್ಡ ಸಿಸ್ಟರ್ ಕೈಯಲ್ಲಿಟ್ಟಳು.

ಸಿಸ್ಟರ್ ಹಾಳೆ ನೋಡಿದರು, ಗಡಿಯಾರ ನೋಡಿದರು, ಅವಳನ್ನು ನೋಡಿದರು. "ಇದು ನಿನ್ನೆದಲ್ಲ ತಾನೇ?"

"ಇವತ್ತಿಂದೇ ಸಿಸ್ಟರ್."

ಸಿಸ್ಟರ್ ಕನ್ನಡಕ ಏರಿಸಿ ಬೆರಳನ್ನು ಕೆಳಗಿಳಿಸುತ್ತ ಹೋದರು. ಬೆರಳು ಒಂದು ಕಡೆ ನಿಂತಿತು. ಆಮೇಲೆ ನಗತೊಡಗಿದರು, ಮೈ ಕುಲುಕುವ ಹಾಗೆ. "ಬನ್ರೇ ಇಲ್ಲಿ! ಈ ಹುಡುಗಿ ನಲವತ್ತು ಕೇಜಿ ಇಳಿದುಬಿಟ್ಟಿದ್ದಾಳಂತೆ. ಯಾವ ಜಿಮ್ಮಮ್ಮಾ ನಿಂದು? ನಮಗೂ ವಿಳಾಸ ಕೊಡು!" ನರ್ಸುಗಳು ನಕ್ಕರು. ಮೂಲೆಯ ಹಾಸಿಗೆಯಲ್ಲಿ ಕೂತಿದ್ದ ಕಡ್ಡಿಯಂಥ ಹುಡುಗಿ, ಕಾಲೇಜಿನ ಚೀಲವನ್ನು ಇನ್ನೂ ಮಡಿಲಲ್ಲೇ ಅವಚಿಕೊಂಡವಳು, ನಗಬೇಕೋ ಅಳಬೇಕೋ ತಿಳಿಯದೆ ಒಬ್ಬೊಬ್ಬರ ಮುಖವನ್ನೇ ನೋಡಿದಳು. ಇವತ್ತೇ ಅವಳ ಮೊದಲ ದಿನ. ಅವಳಿಗೆ ಹಿಂದಿನ ಸಲ ಎನ್ನುವುದೇ ಇರಲಿಲ್ಲ. ಇಲ್ಲದ ಹಿಂದಿನ ಸಲದ ಜಾಗದಲ್ಲಿ, ಟೇಬಲಿನಲ್ಲಿ ಅವಳಿಗಿಂತ ಮೇಲಿದ್ದ ಟ್ಯಾಕ್ಸಿಯವನು ನಿನ್ನೆ ಹೋಗುವಾಗ ತೂಗಿದ್ದ ತೂಕ ಜಾರಿ ಬಂದು ಕೂತಿತ್ತು.

"ಬೇಗ ಬಂತು ಸರಿ," ಎಂದು ಸಿಸ್ಟರ್ ಹಾಳೆ ಹಿಂದಕ್ಕೆ ಕೊಟ್ಟರು, ನಗು ಒರೆಸಿಕೊಂಡು. "ಆದ್ರೆ ಇದನ್ನ ನಂಬಿ ಯಾರ ಜೀವ ಇಡ್ಲಿ ನಾನು?"

ವಾಪಸ್ ಮೇಜಿನ ತನಕ ನಡೆದದ್ದು ಅವಳಿಗೆ ನೆನಪಿಲ್ಲ. ಬೆನ್ನಿಗೆ ಅಂಟಿದ ನಗೆ ಮಾತ್ರ ಗೊತ್ತು. ಹಳೆಯದು ಕುಂಟುತ್ತಿತ್ತು, ಆದರೆ ಎಂದೂ ಸುಳ್ಳು ಹೇಳಿರಲಿಲ್ಲ. ಪ್ರತಿ ಬಾಗಿಲಲ್ಲೂ ನಿಂತು, ನೀನು ಅವನೇ ಹೌದೋ ಎಂದು ಕೇಳಿಯೇ ಕರೆತರುತ್ತಿತ್ತು. ಆ ಒಂದು ಪ್ರಶ್ನೆಯನ್ನೇ ಅವಳು ಆತುರದಲ್ಲಿ ಅಳಿಸಿದ್ದಳು. ಒಬ್ಬನ ಅಂಗಿಯ ಗುಂಡಿಯನ್ನು ಒಯ್ದು ಇನ್ನೊಬ್ಬಳ ಅಂಗಿಯ ಕಾಜಾಕ್ಕೆ ಸಿಕ್ಕಿಸಿದ ಹಾಗೆ. ಚಿಕ್ಕಂದಿನ ಒಂದು ದಿನ ಕಣ್ಣೆದುರು ಬಂತು: ಅಪ್ಪನ ಅಂಗಡಿಯ ಹಲಗೆಯ ಮೇಲೆ ಅವಳೂ ತಮ್ಮನೂ ಜಗಳವಾಡುತ್ತಿದ್ದಾರೆ, ಚೂರು ಬಟ್ಟೆಗಾಗಿ. ಅಪ್ಪ ಮೆಷಿನ್ನು ನಿಲ್ಲಿಸಿ, ಇಬ್ಬರನ್ನೂ ಎದುರು ನಿಲ್ಲಿಸಿ, ಮಾತಿಲ್ಲದೆ ಅವಳ ಅಂಗಿಯ ಗುಂಡಿಗಳನ್ನು ತಮ್ಮನ ಅಂಗಿಯ ಕಾಜಾಗಳಿಗೆ ಹಾಕಿಬಿಡುತ್ತಾನೆ. "ಈಗ ಹೀಗೇ ಮನೆಗೆ ಹೋಗಿ, ಅಮ್ಮ ಬಿಚ್ಚಲಿ." ಬೀದಿಯುದ್ದಕ್ಕೂ ನಾಲ್ಕು ಕಾಲಿನ ಒಂದೇ ಪ್ರಾಣಿಯಾಗಿ, ಅಡ್ಡಡ್ಡ ಏಡಿಯ ಹಾಗೆ, ಜನ ನಗುತ್ತಿದ್ದರೆ ತಾವೂ ನಗುತ್ತ, ಜಗಳ ಯಾವಾಗ ಮರೆತುಹೋಯಿತೋ. ಮನೆಯಲ್ಲಿ ಅಮ್ಮ ಸೊಂಟದ ಮೇಲೆ ಕೈಯಿಟ್ಟು, "ನಿಮ್ಮಪ್ಪಂಗೆ ಬುದ್ಧಿ ಇಲ್ಲ. ಮೊದ್ಲು ಯಾವ ಅಂಗಿ ಯಾರದ್ದು ಅಂತ ಬೇರೆ ಮಾಡ್ತೀನಿ, ಆಮೇಲೆ ಅವರವರದು ಅವರವರಿಗೆ," ಎನ್ನುತ್ತ ಬಿಚ್ಚಿದ್ದಳು.

ಅಷ್ಟೇ. ಮೊದಲು ಬೇರೆ ಮಾಡು. ಅವಳ ಬೆರಳುಗಳು ಕೀಲಿಗಳ ಮೇಲೆ ತಾವೇ ಹೊರಟವು. ಎಲ್ಲರನ್ನೂ ಒಂದೇ ಉದ್ದದ ಸಾಲಾಗಿ ನಿಲ್ಲಿಸಬೇಡ. ಒಬ್ಬೊಬ್ಬರ ಸಾಲುಗಳನ್ನೂ ಒಂದೊಂದು ಗಂಟು ಕಟ್ಟು. ಪ್ರತಿ ಗಂಟಿನೊಳಗೆ ದಿನದ ಪ್ರಕಾರ ಜೋಡಿಸಿ, ಅಲ್ಲೇ ಒಂದು ಮನೆ ಜಾರಿಸು. ಪ್ರತಿ ಅಂಗಿಗೂ ಅದರದೇ ಮೇಲಿನ ಕಾಜಾ ಖಾಲಿ. ಆಮೇಲೆ ಗಂಟು ಬಿಚ್ಚಿ ಎಲ್ಲವನ್ನೂ ಮತ್ತೆ ಹರಡು. ಒತ್ತಿದಳು. ಈ ಸಲ ಲೋಟಕ್ಕೆ ಕೈಚಾಚಲಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ಅವಳು ನೇರ ಆ ಹುಡುಗಿಯ ಸಾಲಿಗೆ ಹೋದಳು. ಹಿಂದಿನ ತೂಕದ ಜಾಗ ಬಿಳಿಯಾಗಿತ್ತು. ಸೊನ್ನೆಯೂ ಅಲ್ಲ, ಗೆರೆಯೂ ಅಲ್ಲ, ಏನೂ ಇಲ್ಲ. ಅಷ್ಟು ಚೆಂದದ ಬಿಳಿಯನ್ನು ಅವಳು ಹಿಂದೆ ನೋಡಿರಲಿಲ್ಲ.

ಹೊಸ ಹಾಳೆ ಹಿಡಿದು ಎರಡನೆಯ ಸಲ ನಡೆದು ಹೋದಳು. ಇನ್ನೂ ಯಾರಿಗೂ ಸೂಜಿ ಚುಚ್ಚಿರಲಿಲ್ಲ. ಸಿಸ್ಟರ್ ಈ ಸಲ ಹಾಳೆಯನ್ನು ಕೂತು ಓದಿದರು. ಒಬ್ಬೊಬ್ಬರ ಹಳೆಯ ಫೈಲು ತರಿಸಿ ತಾಳೆ ನೋಡಿದರು. ಅವಳು ಪಕ್ಕದಲ್ಲೇ ನಿಂತಿದ್ದಳು, ಪರೀಕ್ಷೆ ಕೊಠಡಿಯಲ್ಲಿ ನಿಂತ ಹಾಗೆ. ಬೆರಳು ಆ ಬಿಳಿ ಜಾಗಕ್ಕೆ ಬಂತು. "ಇದು ಖಾಲಿ ಬಿಟ್ಟಿದೆಯಲ್ಲ?"

"ಅವಳಿಗೆ ಹಿಂದಿನ ಸಲ ಇಲ್ಲ ಸಿಸ್ಟರ್. ಇಲ್ಲದ್ದನ್ನ ಎಲ್ಲಿಂದ ತರಲಿ? ಖಾಲಿ ಇದ್ರೆ ಮೊದಲ ಸಲ ಅಂತ ತಿಳ್ಕೊಳ್ಳಿ." ತನ್ನ ದನಿ ಇಷ್ಟು ಗಟ್ಟಿಯಿದೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಸಿಸ್ಟರ್ ಹಾಳೆಯನ್ನು ನರ್ಸುಗಳಿಗೆ ಕೊಟ್ಟರು. ಎದ್ದು ಹೋಗಿ, ನರ್ಸನ್ನು ಪಕ್ಕಕ್ಕೆ ಸರಿಸಿ, ತಾವೇ ಆ ಹುಡುಗಿಯ ಹಾಸಿಗೆಯ ಅಂಚಿನಲ್ಲಿ ಕೂತರು. "ನಗಾಡಿದ್ದಕ್ಕೆ ಬೇಜಾರ್ ಮಾಡ್ಕೋಬೇಡ ಮಗಾ. ಮೊದಲ ಸಲ ಅಲ್ವಾ, ಮೆಲ್ಲಗೆ ಹೋಗೋಣ. ಚೀಲ ಇಲ್ಲಿ ಕೊಡು." ಚೀಲ ಮಡಿಲಿಂದ ಇಳಿಯಿತು. ನರ್ಸುಗಳು ಹಾಳೆ ನೋಡಿ ಯಂತ್ರಗಳಿಗೆ ಅಂಕಿ ಒತ್ತುತ್ತ ಹೋದರು, ಯಾರನ್ನೂ ಏನೂ ಕೇಳದೆ. ಕಿಟಕಿ ಪಕ್ಕದಲ್ಲಿ ಮೇಷ್ಟ್ರು ಮಾತ್ರ, ಯಾರೂ ಕೇಳದಿದ್ದರೂ, "ಹೋದ ಸಲ ನಂದು..." ಎಂದು ಶುರುಮಾಡಿದರು. "ಗೊತ್ತು ಮೇಷ್ಟ್ರೇ," ಎಂದಳು ನರ್ಸು, "ನಿಮ್ಮ ಉತ್ತರ ಪತ್ರಿಕೆ ಆಗಲೇ ಬಂದಿದೆ." ಮೇಷ್ಟ್ರು ಸಿಕ್ಕಿಬಿದ್ದ ಹುಡುಗನಂತೆ ನಕ್ಕರು. ಅವರ ಕಣ್ಣು ಗಾಜಿನಾಚೆ ಅವಳನ್ನು ಹುಡುಕಿತು; ಅವಳು ಗಾಜಿನ ಈಚೆಯೇ, ಅವರಿಂದ ಮಾರು ದೂರದಲ್ಲಿ ನಿಂತಿದ್ದಳು. ಈ ಸಲ ಮೊದಲು ಕೈಯೆತ್ತಿದವಳು ಅವಳು. ಚಿಕಿತ್ಸೆ ಮುಗಿಯುವ ತನಕವೂ ಅವಳ ಒಂದು ಕಿವಿ ಅತ್ತಲೇ ಇತ್ತು. ಯಾರೂ ಕೂಗಿಕೊಳ್ಳಲಿಲ್ಲ. ಮೇಷ್ಟ್ರು ಗೊರಕೆ ಹೊಡೆದರು.

ಹೊರಡುವ ಹೊತ್ತಿಗೆ ದೊಡ್ಡ ಸಿಸ್ಟರ್ ಬಾಗಿಲಿಗೆ ಬಂದರು. ಇವತ್ತು ಒಳಗೂ ಬಂದರು. "ಕೆಳಗಿನೋರಿಗೆ ಬೇರೆ ಯಾರನ್ನಾದ್ರೂ ಹುಡುಕ್ಕೊಳ್ಳಿ ಅಂದೆ," ಎಂದರು. ಮೇಜಿನ ಮೇಲಿನ ಖಾಲಿ ಲೋಟ ನೋಡಿ, "ಇನ್ಮೇಲೆ ನಿಂಗೆ ಟೀ ಕುಡಿಯೋಕೂ ಪುರುಸೊತ್ತಿರಲ್ಲ ಬಿಡು," ಎಂದು ನಕ್ಕರು. ಅವಳೂ ನಕ್ಕಳು. ಕೆಳಗಿಳಿಯುವಾಗ ಕೌಂಟರಿನ ಕಿಂಡಿಯೊಳಗೆ ಯಾರೋ ಬಾಯಿಟ್ಟು ಕೂಗುತ್ತಿದ್ದರು. ಒಳಗೆ ಕೂತವಳ ಮುಖವನ್ನು ಅವಳು ನಿಂತು ನೋಡಿ, ತಲೆಯಾಡಿಸಿ, ಮುಂದೆ ಹೋದಳು.

ಮನೆಯ ಬಾಗಿಲಲ್ಲೇ ಗಂಡ ತಡೆದ. "ನಿಮ್ಮಪ್ಪಂಗೆ ಏನು ಹೇಳಿ ಹೋಗಿದ್ದೆ ಮಾರಾಯ್ತಿ? ಮಧ್ಯಾಹ್ನ ಊಟಕ್ಕೆ ಬಂದಾಗ ನೋಡಿದೆ, ಗುಂಡಿ ಸರಿ ಮಾಡೋಕೆ ಹೋದ್ರೆ ಕೈ ಕೊಡವಿಬಿಟ್ರು. 'ಮುಟ್ಟಬೇಡ, ಅವಳು ಹಾಗೇ ಇರು ಅಂದಿದ್ದಾಳೆ' ಅಂತ. ಮಲಗೋಕೂ ಒಪ್ಪಲಿಲ್ಲ, ಅಂಗಿ ಸುಕ್ಕಾಗುತ್ತಂತೆ!"

ಅವಳು ಚಪ್ಪಲಿ ಬಿಚ್ಚದೆಯೇ ಒಳಗೆ ನಡೆದಳು. ಮರೆತೇಬಿಟ್ಟಿದ್ದಳು. ಬಸ್ಸಿನಲ್ಲಿ, ವಾರ್ಡಿನಲ್ಲಿ, ದಿನವಿಡೀ ಆ ಅಂಗಿಯನ್ನೇ ಕಣ್ಣಲ್ಲಿಟ್ಟುಕೊಂಡಿದ್ದವಳು ಅದರೊಳಗೆ ಇದ್ದವನನ್ನು ಮರೆತಿದ್ದಳು. ಅಪ್ಪ ಕಿಟಕಿಯ ಬಳಿ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಎಡಗಿವಿಗೆ ಕಾಲರು ಉಜ್ಜಿ ಅಲ್ಲಿ ಕೆಂಪಾಗಿತ್ತು. ಅವಳನ್ನು ಕಂಡದ್ದೇ ಎದ್ದು ನಿಂತ, ಗಿರಾಕಿ ಬಂದಾಗ ಹೊಲಿದ ಬಟ್ಟೆ ಒಪ್ಪಿಸಲು ನಿಲ್ಲುತ್ತಿದ್ದ ಹಾಗೆ.

"ಕೆಲಸ ಆಯ್ತಾ?"

"ಆಯ್ತಪ್ಪಾ." ಅವಳು ಚೀಲವನ್ನು ಕೆಳಗಿಟ್ಟಳು. "ತುಂಬ ಚೆನ್ನಾಗಾಯ್ತು. ನಿನ್ನ ಅಂಗಿಯಿಂದಲೇ ಆಯ್ತು."

ಅಪ್ಪ ಗೋಣು ಹಾಕಿದ. ಹೇಗೆ ಎಂದು ಕೇಳಲಿಲ್ಲ. ಅಂಗಿಯಿಂದ ಕೆಲಸವಾಗುವುದು ಅವನಿಗೆ ಆಶ್ಚರ್ಯದ ಸಂಗತಿಯಾಗಿರಲಿಲ್ಲ. "ಹಾಗಾದ್ರೆ ಬಿಚ್ಚಬಹುದಾ?"

"ಬಿಚ್ಚಪ್ಪಾ."

ಅವನು ಬಿಚ್ಚಿದ. ಅವಳ ಕೈ ಮುಂದೆ ಹೋಗುವುದರಲ್ಲಿತ್ತು. ಅವಳು ಅದನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಕಾಯುವುದು ಅವಳಿಗೆ ಹೊಸದಲ್ಲ, ಆದರೆ ಹೀಗೆ ಕಾದಿರಲಿಲ್ಲ. ಮುದಿ ಬೆರಳುಗಳು ಅಂಚನ್ನು ತಡವಿ, ಮೇಲಿನ ಗುಂಡಿಯನ್ನು ಹಿಡಿದು, ಮೊದಲ ಕಾಜಾವನ್ನು ದಾಟಿ, ಎರಡನೆಯದರಲ್ಲಿ ಅದನ್ನು ತೂರಿಸಿ, ಎಳೆದು ಬಿಗಿ ನೋಡಿ, ಕೆಳಗಿಳಿದವು. ಒಂದೊಂದಾಗಿ, ತಪ್ಪದೆ, ಎಲ್ಲವೂ ಒಂದು ಹೆಜ್ಜೆ ಕೆಳಗೆ. ಕೊನೆಯ ಗುಂಡಿ ಮತ್ತೆ ಮಿಕ್ಕಿ ನೇತಾಡಿತು. ಗಂಡ ಏನೋ ಹೇಳಲು ಬಾಯಿ ತೆರೆದ. ಅವಳು ಕಣ್ಣಲ್ಲೇ ತಡೆದಳು.

ಅಪ್ಪ ಎದೆಯನ್ನು ಬಗ್ಗಿ ನೋಡಿಕೊಂಡ. ಆಮೇಲೆ ಅವಳತ್ತ ನೋಡಿ, ಎಷ್ಟೋ ವರ್ಷಗಳ ಹಿಂದೆ ಅವಳನ್ನೂ ತಮ್ಮನನ್ನೂ ಬೀದಿಗೆ ಬಿಡುವಾಗ ನಕ್ಕಿದ್ದ ಹಾಗೆ, ಒಂದೇ ಕಡೆಯ ತುಟಿಯಲ್ಲಿ ನಕ್ಕ.

"ಇರಲಿ ಬಿಡು," ಎಂದ. "ನಾಳೆಗೂ ಬೇಕಾಗಬಹುದು."